ಮೊದಲು ಬೆಲೆ ಹೇಳಿ, ನಂಬರ್ ಆಮೇಲೆ ಕೇಳಿ

ಎಲ್ಲರಿಗೂ ನಮಸ್ಕಾರ. ಶೋರೂಮಿನ ಮಾಲೀಕರು, ಸೇಲ್ಸ್ ಮ್ಯಾನೇಜರುಗಳು, ಟೆಲಿಕಾಲಿಂಗ್ ವಿಭಾಗದ ಹೆಣ್ಣುಮಕ್ಕಳು, ಈಚೆಗಷ್ಟೇ ಕೆಲಸಕ್ಕೆ ಸೇರಿದ ಹುಡುಗರು, ಎಲ್ಲರೂ ಒಂದೇ ಕಡೆ ಕೂತಿದ್ದೀರಿ. ನನಗೆ ಇದು ಖುಷಿಯ ವಿಷಯ. ಏಕೆಂದರೆ ಆನ್‌ಲೈನ್ ಅನ್ನುವುದು ಯಾವುದೋ ಏಜೆನ್ಸಿಗೆ ವಹಿಸಿ ಮರೆತುಬಿಡುವ ಕೆಲಸ ಎಂದು ಮಾಲೀಕರು ತಿಳಿದಿರುತ್ತಾರೆ, ಅದರ ಫಲವನ್ನೋ ಬೈಗುಳವನ್ನೋ ಉಣ್ಣುವವರು ಮಾತ್ರ ಫೋನ್ ಹಿಡಿದು ಕೂತವರು.

ಇಂಟರ್‌ನೆಟ್ಟಿನಲ್ಲಿ ಕಾರು ಹುಡುಕುವವರನ್ನು ಶೋರೂಮಿನತ್ತ ಸೆಳೆಯುವುದು ಹೇಗೆ, ಬಂದವರ ಜೊತೆ ಮಾತು ಮುಂದುವರಿಸುವುದು ಹೇಗೆ, ಇದು ಇವತ್ತಿನ ವಿಷಯ. ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಕಾರಿನ ವೆಬ್‌ಸೈಟುಗಳಾದ ಟೀಂ-ಬಿಎಚ್‌ಪಿ 2004ರಲ್ಲಿ, ಕಾರ್‌ವಾಲೆ 2005ರಲ್ಲಿ, ಕಾರ್‌ದೇಖೋ 2008ರಲ್ಲಿ ಶುರುವಾದವು. ಅಲ್ಲಿಯವರೆಗೆ ಕಾರಿನ ಬಗ್ಗೆ ತಿಳಿಯಬೇಕಾದರೆ ಶೋರೂಮಿಗೇ ಬರಬೇಕಿತ್ತು, ಇಲ್ಲವೇ ಕಾರು ಇಟ್ಟುಕೊಂಡ ನೆಂಟರನ್ನು ಕೇಳಬೇಕಿತ್ತು. ಆಮೇಲೆ 2020ರ ಏಪ್ರಿಲ್ ಬಂತು. ಲಾಕ್‌ಡೌನ್‌ನಿಂದಾಗಿ ಆ ತಿಂಗಳು ಮಾರುತಿ ಸುಜುಕಿ ದೇಶದೊಳಗೆ ಒಂದೇ ಒಂದು ಕಾರನ್ನೂ ಮಾರಲಿಲ್ಲ. ಹುಂಡೈ ತನ್ನ ‘ಕ್ಲಿಕ್ ಟು ಬೈ’ ಎಂಬ ಆನ್‌ಲೈನ್ ಮಾರಾಟದ ವ್ಯವಸ್ಥೆಯನ್ನು ದೇಶದ ಐನೂರಕ್ಕೂ ಹೆಚ್ಚು ಡೀಲರುಗಳಿಗೆ ಹಬ್ಬಿಸಿದ್ದು ಅದೇ ಹೊತ್ತಿನಲ್ಲಿ. 2022ರ ಜುಲೈ 30ರಂದು ಮಹೀಂದ್ರಾ ಸ್ಕಾರ್ಪಿಯೋ-ಎನ್‌ಗೆ ಅರ್ಧ ಗಂಟೆಯಲ್ಲಿ ಒಂದು ಲಕ್ಷ ಬುಕಿಂಗ್ ಬಂತು.

ಆ ಸುದ್ದಿ ಕೇಳಿದಾಗ ನಮ್ಮಲ್ಲಿ ಹಲವರು ‘ಇನ್ನು ಡೀಲರ್ ಯಾಕೆ ಬೇಕು’ ಎಂದು ಹೆದರಿದ್ದರು. ಆ ಹೆದರಿಕೆಗೆ ಆಧಾರವಿರಲಿಲ್ಲ. ಆನ್‌ಲೈನಿನಲ್ಲಿ 21 ಸಾವಿರ ರೂಪಾಯಿ ಕಟ್ಟಿ ಬುಕ್ ಮಾಡಿದವರು ಅದೇ ಪುಟದಲ್ಲಿ ತಮ್ಮ ಊರಿನ ಡೀಲರನ್ನೂ ಆರಿಸಿಕೊಂಡಿದ್ದರು. ಹಳೇ ಕಾರಿನ ಎಕ್ಸ್‌ಚೇಂಜ್, ಸಾಲದ ಕಾಗದ, ರಿಜಿಸ್ಟ್ರೇಷನ್, ಡೆಲಿವರಿ ಎಲ್ಲ ನಡೆದದ್ದು ಶೋರೂಮಿನಲ್ಲೇ. ಕಾರನ್ನು ಆರಿಸುವ ಕೆಲಸ ಮಾತ್ರ ಮನೆಗೆ ಹೋಗಿದೆ. ಈಗ ಜನ ನಿಮ್ಮ ಬಾಗಿಲಿಗೆ ಬರುವಾಗ ಯಾವ ಕಾರು, ಯಾವ ವೇರಿಯಂಟ್, ಯಾವ ಬಣ್ಣ ಎಂದು ಮುಕ್ಕಾಲು ಪಾಲು ತೀರ್ಮಾನಿಸಿಯೇ ಬರುತ್ತಾರೆ. ಯಾವ ಶೋರೂಂ ಅನ್ನುವುದನ್ನೂ ಮನೆಯಲ್ಲೇ ತೀರ್ಮಾನಿಸಿರುತ್ತಾರೆ. ನಮ್ಮ ಕೆಲಸ ಇರುವುದು ಅಲ್ಲಿ.

ಹಾಗಾದರೆ ಅವರು ಮನೆಯಲ್ಲಿ ಕೂತು ಹುಡುಕುವುದೇನು? ಮೈಲೇಜು, ಏರ್‌ಬ್ಯಾಗು, ಸನ್‌ರೂಫು, ಇವೆಲ್ಲ ಕಂಪನಿಯ ವೆಬ್‌ಸೈಟಿನಲ್ಲೇ ಸಿಗುತ್ತವೆ. ಅಲ್ಲಿ ಸುಲಭಕ್ಕೆ ಸಿಗದ್ದು ‘ನನ್ನೂರಲ್ಲಿ ಈ ಕಾರು ರೋಡಿಗಿಳಿಯುವಾಗ ಒಟ್ಟು ಎಷ್ಟಾಗುತ್ತದೆ’ ಅನ್ನುವ ಒಂದೇ ಪ್ರಶ್ನೆಗೆ ಉತ್ತರ. ಟೀವಿ ಜಾಹೀರಾತಿನಲ್ಲಿ, ಯೂಟ್ಯೂಬ್ ವಿಮರ್ಶೆಯಲ್ಲಿ ತೋರಿಸುವುದು ರಸ್ತೆ ತೆರಿಗೆ, ವಿಮೆ ಸೇರದ ಎಕ್ಸ್‌ಶೋರೂಂ ಬೆಲೆ, ಅದೂ ಬಹಳ ಸಲ ದೆಹಲಿಯದು. ನಮ್ಮ ರಾಜ್ಯದ ಲೆಕ್ಕವೇ ಬೇರೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಜೀವಿತಾವಧಿ ತೆರಿಗೆ ಬೆಲೆಗೆ ತಕ್ಕಂತೆ ಮೇಲೇರುತ್ತದೆ: 5 ಲಕ್ಷದೊಳಗೆ ಶೇ 13, ಹತ್ತರವರೆಗೆ ಶೇ 14, ಹತ್ತರಿಂದ ಇಪ್ಪತ್ತರವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಇದರ ಮೇಲೆ ಸೆಸ್ಸು. 12 ಲಕ್ಷದ ಪೆಟ್ರೋಲ್ ಕಾರಿಗೆ ತೆರಿಗೆಯೊಂದೇ ಎರಡು ಲಕ್ಷ ದಾಟಿತು. ಹತ್ತು ಲಕ್ಷದ ಗೆರೆಯ ಈಚೆ ಒಂದು ವೇರಿಯಂಟ್, ಆಚೆ ಇನ್ನೊಂದು ಇದ್ದರೆ ಶೇ 14 ಹೋಗಿ ಶೇ 17 ಬಂದು ಕೂರುತ್ತದೆ. ಇದನ್ನು ಬಿಡಿಸಿ ಹೇಳಬಲ್ಲವರು ದೆಹಲಿಯಲ್ಲಿ ಕೂತ ಯೂಟ್ಯೂಬರ್ ಅಲ್ಲ, ನೀವು.

ಇಷ್ಟೆಲ್ಲ ಗೊತ್ತಿದ್ದೂ ನಾವು ಮಾಡುವುದೇನು? ಗ್ರಾಹಕರು ಫೇಸ್‌ಬುಕ್ಕಿನಲ್ಲಿ ‘ಆನ್‌ರೋಡ್ ಎಷ್ಟು ಸಾರ್?’ ಎಂದು ಕೇಳುತ್ತಾರೆ. ನಮ್ಮ ಉತ್ತರ, ‘ನಿಮ್ಮ ನಂಬರ್ ಕಳಿಸಿ, ನಮ್ಮ ಎಕ್ಸಿಕ್ಯೂಟಿವ್ ಕರೆ ಮಾಡುತ್ತಾರೆ.’ ಕೇಳಿದ್ದಕ್ಕೆ ಉತ್ತರ ಕೊಡದೆ ಎದುರು ಪ್ರಶ್ನೆ ಹಾಕಿದಂತಾಯಿತು. ನಂಬರ್ ಕೊಟ್ಟವರ ಅನುಭವ ಏನೆಂದು ನಿಮ್ಮ ಮನೆಯವರನ್ನೇ ಕೇಳಿ ನೋಡಿ. ಯಾವುದೋ ಪೋರ್ಟಲ್‌ನಲ್ಲಿ ಬೆಲೆ ನೋಡಲೆಂದು ನಂಬರ್ ಹಾಕಿದ್ದಕ್ಕೆ ವಾರಗಟ್ಟಲೆ ಕರೆಗಳು, ಒಂದೇ ಶೋರೂಮಿನಿಂದ ಮೂವರು ಬೇರೆ ಬೇರೆ ಜನ, ಮೂರು ಬೇರೆ ಬೇರೆ ಬೆಲೆ. ಅದಕ್ಕೇ ಈಗ ಜನ ನಂಬರ್ ಕೊಡಲು ಅಳುಕುತ್ತಾರೆ.

ನನ್ನ ಬಲವಾದ ನಂಬಿಕೆ ಇದು: ಬೆಲೆಯನ್ನು ಮುಚ್ಚಿಟ್ಟು ನಂಬರ್ ಪಡೆಯುವುದಕ್ಕಿಂತ, ಬೆಲೆಯನ್ನು ಬಿಚ್ಚಿಟ್ಟು ನಂಬಿಕೆ ಪಡೆಯುವ ಶೋರೂಮಿನಿಂದ ಹೆಚ್ಚು ಕಾರು ಹೋಗುತ್ತದೆ. ನಿಮ್ಮ ಪುಟದಲ್ಲಿ ಪ್ರತಿ ವೇರಿಯಂಟಿನ ಆನ್‌ರೋಡ್ ಬೆಲೆಯನ್ನು ಸಾಲುಸಾಲಾಗಿ ಹಾಕಿ. ಎಕ್ಸ್‌ಶೋರೂಂ, ತೆರಿಗೆ, ವಿಮೆ, ಫಾಸ್ಟ್ಯಾಗ್, ಆಕ್ಸೆಸರಿ ಎಲ್ಲ ಬೇರೆ ಬೇರೆ ಸಾಲಿನಲ್ಲಿರಲಿ. ವಿಮೆಯ ಸಾಲಿನಲ್ಲಿ ಥರ್ಡ್ ಪಾರ್ಟಿ ಮೂರು ವರ್ಷಕ್ಕೆ ಕಡ್ಡಾಯ ಎಂದು ಬರೆಯಿರಿ, 2018ರ ಸೆಪ್ಟೆಂಬರಿನಿಂದ ಅದು ಹಾಗೇ ಇದೆ. ಶೋರೂಮಿನಲ್ಲೇ ವಿಮೆ ಮಾಡಿಸಬೇಕೆಂಬ ನಿಯಮವಿಲ್ಲ ಅನ್ನುವುದನ್ನೂ ಬರೆಯಿರಿ. ಮಾಲೀಕರು ಮುಖ ಗಂಟಿಕ್ಕಿಕೊಳ್ಳುವುದು ಕಾಣುತ್ತಿದೆ. ವಿಮೆಯ ಕಮಿಷನ್ನು ಎಷ್ಟು ದೊಡ್ಡ ಆಧಾರ ಅನ್ನುವುದು ನನಗೆ ಗೊತ್ತು. ಆದರೆ ಇದು ನಮ್ಮ ಗ್ರಾಹಕರಿಗೂ ಈಗ ಗೊತ್ತು. ನಾವು ಹೇಳದೇ ಹೋದರೆ ಡೆಲಿವರಿಯ ಹಿಂದಿನ ದಿನ ಅವರೇ ಹೇಳುತ್ತಾರೆ, ಆಗ ಜಗಳವಾಗುತ್ತದೆ.

ಹಾಕಿದ ಬೆಲೆಯನ್ನು ಕಾಯುವುದು ಇನ್ನೂ ಕಷ್ಟ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿದ್ದ ಸೆಸ್ಸೂ ಹೋಯಿತು. ನವರಾತ್ರಿ ಶುರುವಾದ ದಿನವದು. ಆಯುಧಪೂಜೆಯೊಳಗೆ ಕಾರು ಮನೆಗೆ ಬರಬೇಕೆಂದಿದ್ದವರೆಲ್ಲ ಹುಡುಕಿದ್ದು ಹೊಸ ಬೆಲೆಯನ್ನು. ಅಂಥ ವಾರದಲ್ಲಿ ಪುಟದಲ್ಲಿ ಹಳೇ ಬೆಲೆ ಕಂಡರೆ ನಿಮ್ಮ ಶೋರೂಮೇ ಮುಚ್ಚಿದೆ ಎಂದು ಜನ ತಿಳಿಯುತ್ತಾರೆ. ಬೆಲೆಪಟ್ಟಿಯ ಮೇಲೆ ದಿನಾಂಕ ಹಾಕುವ ಜವಾಬ್ದಾರಿಯನ್ನು ಒಬ್ಬರಿಗೆ ಹೆಸರು ಹಿಡಿದು ವಹಿಸಿ.

ಇನ್ನು ಮಾತುಕತೆಯ ವಿಷಯ. ಕೆಲಸ ಮುಗಿಸಿ, ಊಟವಾಗಿ, ಮಕ್ಕಳು ಮಲಗಿದ ಮೇಲೆ ಜನ ಕಾರು ನೋಡುತ್ತಾರೆ. ಆ ಹೊತ್ತಿಗೆ ಶೋರೂಮಿನ ಶಟರ್ ಇಳಿದಿರುತ್ತದೆ. ರಾತ್ರಿ ಒಂಬತ್ತೂವರೆಗೆ ಬಂದ ವಾಟ್ಸ್ಯಾಪ್ ಮೆಸೇಜಿಗೆ ಮರುದಿನ ಹನ್ನೊಂದಕ್ಕೆ, ಅದೂ ಅವರು ಆಫೀಸಿನಲ್ಲಿರುವಾಗ ಕರೆ ಮಾಡಿದರೆ ಫಲವಿಲ್ಲ. ಸರದಿಯ ಮೇಲೆ ಒಬ್ಬರು ರಾತ್ರಿ ಹತ್ತರವರೆಗೆ ಮೆಸೇಜು ನೋಡಲಿ, ಅದಕ್ಕೆ ಪ್ರತ್ಯೇಕ ಭತ್ಯೆ ಕೊಡಿ. ಪುಕ್ಕಟೆ ದುಡಿಸಬೇಡಿ ಎಂದು ಮಾಲೀಕರಿಗೆ ಈ ಸಭೆಯಲ್ಲೇ ಹೇಳುತ್ತೇನೆ. ಮೆಸೇಜು ಮಾಡಿದವರಿಗೆ ಮೆಸೇಜಿನಲ್ಲೇ ಉತ್ತರಿಸಿ. ಅವರೇ ‘ಕಾಲ್ ಮಾಡಿ’ ಅಂದಮೇಲೆ ಕಾಲ್ ಮಾಡಿ.

ವಿಡಿಯೋ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ನನಗೆ ಅತ್ಯಂತ ಭರವಸೆ ಇರುವುದು ಅಲ್ಲಿ. ಕಂಪನಿ ಕಳಿಸುವ ವಿಡಿಯೋದಲ್ಲಿ ಕಾರು ಹಿಮದ ಬೆಟ್ಟದ ಮೇಲೆ ಓಡುತ್ತದೆ. ಅದನ್ನೇ ನಿಮ್ಮ ಪುಟದಲ್ಲಿ ಮತ್ತೆ ಹಾಕಿ ಪ್ರಯೋಜನವಿಲ್ಲ. ನಿಮ್ಮೂರಿನ ಜನಕ್ಕೆ ಬೇಕಾದ್ದು ಬೇರೆ. ಐದು ಜನ ಕೂತಾಗ ಬಸ್ ಸ್ಟ್ಯಾಂಡಿನ ಮುಂದಿನ ರಸ್ತೆ ಉಬ್ಬಿಗೆ ತಳ ತಾಗುತ್ತದೆಯೇ? ಹಿಂದಿನ ಸೀಟಿನಲ್ಲಿ ಸೀರೆ ಉಟ್ಟ ಅಜ್ಜಿ ಮಂಡಿ ನೋವಿಲ್ಲದೆ ಹತ್ತಿ ಇಳಿಯಬಹುದೇ? ಸಿಎನ್‌ಜಿ ಸಿಲಿಂಡರ್ ಇದ್ದರೆ ಡಿಕ್ಕಿಯಲ್ಲಿ ಎರಡು ಸೂಟ್‌ಕೇಸಿಗೆ ಜಾಗ ಉಳಿಯುತ್ತದೆಯೇ? ಎಲೆಕ್ಟ್ರಿಕ್ ಕಾರಿನಲ್ಲಿ ಎಸಿ ಹಾಕಿಕೊಂಡು ಶಿರಾಡಿ ಘಾಟಿ ಹತ್ತಿದರೆ ಚಾರ್ಜು ಎಷ್ಟು ಇಳಿಯುತ್ತದೆ? ಫೋನಿನಲ್ಲೇ ಚಿತ್ರೀಕರಿಸಿ, ನಿಮ್ಮ ಹುಡುಗರ ಬಾಯಲ್ಲೇ ಹೇಳಿಸಿ. ಧಾರವಾಡದವರು ಧಾರವಾಡದ ಕನ್ನಡದಲ್ಲಿ, ಕುಂದಾಪುರದವರು ಕುಂದಾಪುರದ ಕನ್ನಡದಲ್ಲಿ ಮಾತಾಡಲಿ. ಕಾರಿನ ಕೊರತೆಯನ್ನೂ ಹೇಳಲಿ. ‘ಹಿಂದಿನ ಸೀಟಿನಲ್ಲಿ ನಡುವೆ ಕೂತವರಿಗೆ ಸ್ವಲ್ಪ ಇಕ್ಕಟ್ಟು’ ಎಂದು ಸೇಲ್ಸ್‌ನವರ ಬಾಯಿಂದ ಬಂದರೆ, ಮುಂದೆ ಅವರು ಹೇಳುವ ಹೊಗಳಿಕೆಗೂ ತೂಕ ಬರುತ್ತದೆ. ಡೆಲಿವರಿ ದಿನದ ರೀಲ್ಸ್ ಹಾಕುವುದು ಒಳ್ಳೆಯದೇ, ಹಾರ, ನಿಂಬೆಹಣ್ಣು, ದೊಡ್ಡ ಕೀಲಿಯ ಬೋರ್ಡು ಎಲ್ಲ ಇರಲಿ. ಆದರೆ ಕುಟುಂಬದವರ ಒಪ್ಪಿಗೆ ಪಡೆದೇ ಹಾಕಿ, ಮಕ್ಕಳ ಮುಖದ ವಿಷಯದಲ್ಲಂತೂ ಇನ್ನಷ್ಟು ಎಚ್ಚರವಿರಲಿ.

ಜಾಹೀರಾತಿನಲ್ಲಿ ಅವಸರ ಹುಟ್ಟಿಸುವ ಚಾಳಿಯನ್ನು ಬಿಡಲೇಬೇಕು. 2024ರ ಸೆಪ್ಟೆಂಬರ್ ತಿಂಗಳ ಬಗ್ಗೆ ಡೀಲರುಗಳ ಒಕ್ಕೂಟವಾದ ಫಾಡಾ ಒಂದು ಲೆಕ್ಕ ಕೊಟ್ಟಿತ್ತು: ದೇಶದ ಶೋರೂಮುಗಳಲ್ಲಿ 80ರಿಂದ 85 ದಿನಗಳ ಮಾರಾಟಕ್ಕೆ ಸಾಲುವಷ್ಟು ಕಾರು ನಿಂತಿವೆ, ಅವುಗಳ ಬೆಲೆ ಸುಮಾರು 79 ಸಾವಿರ ಕೋಟಿ ರೂಪಾಯಿ ಎಂದು. ಅಂಗಳದಲ್ಲಿ ಕಾರು ತುಂಬಿಕೊಂಡು ‘ಇನ್ನೆರಡೇ ಉಳಿದಿವೆ’ ಎಂದು ಪೋಸ್ಟ್ ಹಾಕುವುದು ಸುಳ್ಳು. ಕಾನೂನಿನ ಕಣ್ಣಲ್ಲೂ ಅದು ತಪ್ಪು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ 13 ಬಗೆಯ ಆನ್‌ಲೈನ್ ಮೋಸಗಳನ್ನು ಹೆಸರಿಸುತ್ತದೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬಿಲ್ಲಿಗೆ ತೂರಿಸುವುದು, ಬೆಲೆಯನ್ನು ಹನಿಹನಿಯಾಗಿ ಬಿಚ್ಚುತ್ತ ಹೋಗುವುದು, ಮೂರೂ ಅದರಲ್ಲಿವೆ. ಅದೇ ವರ್ಷ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂದಿದೆ. ಟೆಸ್ಟ್ ಡ್ರೈವಿಗೆಂದು ಕೊಟ್ಟ ನಂಬರನ್ನು ಸಾಲ ಕೊಡುವವರಿಗೂ ವಿಮೆಯವರಿಗೂ ದಾಟಿಸುವ ಅಭ್ಯಾಸ ಇದ್ದರೆ ಈಗಲೇ ನಿಲ್ಲಿಸಿ.

ಗೂಗಲ್ ವಿಮರ್ಶೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡೆಲಿವರಿ ದಿನ ಖುಷಿಯಲ್ಲಿರುವವರ ಫೋನ್ ತೆಗೆದುಕೊಂಡು ಐದು ಸ್ಟಾರ್ ಒತ್ತಿಸುವುದನ್ನು ಬಿಟ್ಟು, ಮೊದಲ ಸರ್ವಿಸ್ ಆದಮೇಲೆ ಕೇಳಿ. ಓದುವವರು ಮೊದಲು ನೋಡುವುದು ಒಂದು ಸ್ಟಾರ್ ಕೊಟ್ಟವರ ಮಾತನ್ನು, ಅದಕ್ಕೆ ನೀವು ಕೊಟ್ಟ ಉತ್ತರವನ್ನು. ‘ದಯವಿಟ್ಟು ಈ ನಂಬರಿಗೆ ಕರೆ ಮಾಡಿ’ ಅನ್ನುವುದು ಉತ್ತರವಲ್ಲ. ಏನಾಗಿತ್ತು, ಏನು ಸರಿಪಡಿಸಿದಿರಿ ಎಂದು ಬರೆಯಿರಿ.

ಕೊನೆಯದಾಗಿ ಕೊಟೇಶನ್. ನಮ್ಮಲ್ಲಿ ಕಾರನ್ನು ಒಬ್ಬರೇ ಕೊಳ್ಳುವುದು ಕಡಿಮೆ. ಶಿರಸಿಯಲ್ಲಿರುವ ಅಪ್ಪನಿಗೆ ಕಾರು, ದುಡ್ಡು ಬೆಂಗಳೂರಿನ ಮಗನದೋ ದುಬೈನಲ್ಲಿರುವ ಮಗಳದೋ, ಸಲಹೆ ಭಾವನದು. ನೀವು ಕಳಿಸಿದ ಕೊಟೇಶನ್ ಮನೆಯ ವಾಟ್ಸ್ಯಾಪ್ ಗ್ರೂಪಿಗೆ ಹೋಗುತ್ತದೆ, ಅಲ್ಲಿಂದ ಪಕ್ಕದ ಜಿಲ್ಲೆಯ ಇನ್ನೊಂದು ಶೋರೂಮಿಗೂ ಹೋಗುತ್ತದೆ. ಹೋಗಲಿ. ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಗೀಚಿ ಅದರ ಫೋಟೋ ಕಳಿಸಬೇಡಿ. ಕನ್ನಡದಲ್ಲಿ ಟೈಪ್ ಮಾಡಿದ ಒಂದು ಪುಟವಿರಲಿ. ಬೇಡವೆಂದರೆ ಕೈಬಿಡಬಹುದಾದ ಸಾಲುಗಳು ಯಾವುವೆಂದು ಅದರಲ್ಲಿ ಗುರುತು ಹಾಕಿರಲಿ. ಆಫರ್ ಯಾವ ದಿನಾಂಕದವರೆಗೆ, ಬುಕಿಂಗ್ ರದ್ದಾದರೆ ಹಣ ಎಷ್ಟು ದಿನದಲ್ಲಿ ವಾಪಸು, ಆಷಾಢದಲ್ಲಿ ಬುಕ್ ಮಾಡಿ ಶ್ರಾವಣದಲ್ಲಿ ಡೆಲಿವರಿ ತೆಗೆದುಕೊಂಡರೆ ಯಾವ ಬೆಲೆ ಅನ್ವಯ ಅನ್ನುವುದೂ ಇರಲಿ. ದುಬೈನಲ್ಲಿ ಕೂತ ಮಗಳು ಮಧ್ಯರಾತ್ರಿ ಅದನ್ನು ತೆರೆದಾಗ, ಯಾರಿಗೂ ಫೋನ್ ಮಾಡದೆ ಓದಿ ಅರ್ಥಮಾಡಿಕೊಳ್ಳುವಂತಿರಬೇಕು.