ಎಲ್‌ಎಲ್ ಟೆಸ್ಟ್‌ಗೆ ಆಯ್ಕೆ ಮುಚ್ಚಿ ಓದಿ

ನಮಸ್ಕಾರ. ಎಲ್‌ಎಲ್, ಅಂದ್ರೆ ಗಾಡಿ ಕಲಿಯೋರಿಗೆ ಕೊಡೋ ಲರ್ನರ್ ಲೈಸೆನ್ಸ್. ಅದರ ಟೆಸ್ಟ್‌ಗೆ ಹೇಗೆ ಓದೋದು ಅಂತ ಯಾರನ್ನಾದ್ರೂ ಕೇಳಿ, "ಪ್ರಶ್ನೆಗಳ ಪಿಡಿಎಫ್ ಸಿಗುತ್ತೆ, ಹಿಂದಿನ ರಾತ್ರಿ ಒಂದ್ಸಲ ಕಣ್ಣಾಡಿಸ್ಕೊಂಡು ಹೋಗು" ಅಂತಾರೆ. ಇನ್ನು ಕೆಲವು ಏಜೆಂಟರು, "ಒಟಿಪಿ ಹೇಳಿ ಸಾಕು, ಟೆಸ್ಟ್ ನಾವೇ ಮುಗಿಸ್ತೀವಿ" ಅಂತಾರೆ. ಈ ಎರಡನೇದು ಶುದ್ಧ ಮೋಸ, ಅದರ ಬಗ್ಗೆ ಚರ್ಚೆನೇ ಬೇಡ. ಮೊದಲನೇದರ ಬಗ್ಗೆ ಮಾತಾಡೋಣ.

ಪರೀಕ್ಷೇಲಿ ಏನು ಕೇಳ್ಬೇಕು ಅನ್ನೋದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, 11ನೇ ನಿಯಮದಲ್ಲಿ ಇದೆ. ಸಂಚಾರ ಚಿಹ್ನೆ, ಸಿಗ್ನಲ್, ರಸ್ತೆ ನಿಯಮ. ಅಪಘಾತ ಆದಾಗ ಚಾಲಕನ ಕರ್ತವ್ಯ. ಕಾವಲಿಲ್ಲದ ರೈಲ್ವೆ ಗೇಟ್ ದಾಟೋವಾಗಿನ ಎಚ್ಚರ. ಜೊತೇಲಿ ಇರ್ಬೇಕಾದ ದಾಖಲೆಗಳು. ಶೇಕಡಾ 60 ಸರಿ ಇದ್ರೆ ಪಾಸ್. ಹಾಗಂತ ಉಳಿದ 40ನ್ನ ಬಿಟ್ಟುಬಿಡೋ ಲೆಕ್ಕ ಹಾಕ್ಬೇಡಿ. ಆ 40ರಲ್ಲಿ ರೈಲ್ವೆ ಗೇಟ್ ಇದ್ರೆ?

ಚಿಹ್ನೆಗಳನ್ನ ಒಂದೊಂದಾಗಿ ಉರು ಹೊಡೀಬೇಡಿ, ಆಕಾರ ಹಿಡ್ಕೊಳ್ಳಿ. ದುಂಡಗಿದ್ರೆ ಆಜ್ಞೆ: ಕೆಂಪು ಅಂಚಿದ್ರೆ ಮಾಡ್ಬೇಡ, ಬರೀ ನೀಲಿ ಇದ್ರೆ ಮಾಡಲೇಬೇಕು. ತ್ರಿಕೋನ ಎಚ್ಚರಿಕೆ. ಆಯತ ಮಾಹಿತಿ. ನಿಲ್ಲು ಅನ್ನೋ ಬೋರ್ಡಿಗೆ ಮಾತ್ರ ಎಂಟು ಮೂಲೆ, ದಾರಿ ಕೊಡು ಅನ್ನೋದಕ್ಕೆ ತಲೆಕೆಳಗಾದ ತ್ರಿಕೋನ. ಧೂಳು ಮೆತ್ತಿ ಅಕ್ಷರ ಕಾಣದೇ ಇದ್ರೂ ಗುರುತು ಸಿಗುತ್ತೆ. ಬಸ್ಸಲ್ಲಿ ಕಿಟಕಿ ಪಕ್ಕ ಕೂತಾಗ ಕಾಣೋ ಪ್ರತಿ ಬೋರ್ಡಿನ ಅರ್ಥ ಮನಸ್ಸಲ್ಲೇ ಹೇಳ್ಕೊಳ್ತಾ ಹೋಗಿ.

ನಿಯಮಗಳಿಗೆ ಕಾರಣ ಕೇಳ್ಕೊಳ್ಳಿ. ಕಿರಿದಾದ ಘಾಟಿ ರಸ್ತೇಲಿ ಎರಡು ಗಾಡಿ ಎದುರಾದ್ರೆ ಯಾರು ದಾರಿ ಬಿಡ್ಬೇಕು? ಇಳಿಯೋರು. ಶಿರಾಡೀಲಿ ಲೋಡ್ ಲಾರಿ ಏದುಸಿರು ಬಿಡ್ತಾ ಹತ್ತೋದನ್ನ ನೋಡಿದವರಿಗೆ ಇದನ್ನ ಬಾಯಿಪಾಠ ಮಾಡಿಸ್ಬೇಕಾಗಿಲ್ಲ. ಏರಲ್ಲಿ ನಿಂತ ಗಾಡೀನ ಮತ್ತೆ ಎತ್ತೋದು ಕಷ್ಟ, ಹಿಂದಕ್ಕೆ ಜಾರಲೂಬಹುದು. ಸರ್ಕಲಲ್ಲಿ ಬಲಗಡೆಯಿಂದ ಬರೋರಿಗೆ ಮೊದಲ ದಾರಿ ಯಾಕೆ? ಬಲಗಡೆಯಿಂದ ಬರೋರು ಆಗಲೇ ಸರ್ಕಲ್ ಒಳಗಿರ್ತಾರೆ; ಅವರು ಹೊರಗೆ ಹೋಗದೆ ಹೊರಗಿನವರು ನುಗ್ಗಿದ್ರೆ ಸರ್ಕಲ್ಲೇ ಕಟ್ಕೊಳ್ಳುತ್ತೆ.

ಅಭ್ಯಾಸ ಮಾಡೋವಾಗ ಪ್ರಶ್ನೆಯ ಕೆಳಗೆ ಕೊಟ್ಟಿರೋ ಉತ್ತರದ ಆಯ್ಕೆಗಳನ್ನ ಕೈಯಿಂದ ಮುಚ್ಚಿ. ಉತ್ತರ ಬಾಯಿಬಿಟ್ಟು ಹೇಳಿ, ಆಮೇಲೆ ಕೈ ತೆಗೀರಿ. ಆಯ್ಕೆ ಕಣ್ಣೆದುರಿಗಿದ್ರೆ ಎಲ್ಲಾ ಗೊತ್ತಿರೋ ಹಾಗೇ ಅನ್ಸುತ್ತೆ. ತಪ್ಪಿದ್ದನ್ನ ಮಾತ್ರ ಗುರುತು ಹಾಕಿ, ಎರಡು ದಿನ ಬಿಟ್ಟು ಮತ್ತೆ ನೋಡಿ. ಟೆಸ್ಟ್ ಕನ್ನಡದಲ್ಲಿ ಬರೆಯೋದಾದ್ರೆ ಅಭ್ಯಾಸವೂ ಕನ್ನಡದಲ್ಲೇ ಆಗ್ಲಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋ ಭಾಗ, ಜನ ಹಾರಿಸಿ ಓದೋ ಭಾಗ: ಅಪಘಾತ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಸಿಗೋ ಹಾಗೆ ನೋಡ್ಕೊಳ್ಳೋದು ಚಾಲಕನ ಕರ್ತವ್ಯ. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ರೆ ಆದಷ್ಟು ಬೇಗ, ಹೆಚ್ಚಂದ್ರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸ್ಬೇಕು. "ಜನ ಸೇರಿ ಹೊಡೀತಾರೆ" ಅನ್ನೋ ಭಯ ಇರುತ್ತೆ, ನಿಜ. ಕಾಯ್ದೆಯೂ ಅದನ್ನ ಯೋಚಿಸಿದೆ: ಉದ್ರಿಕ್ತ ಗುಂಪಿನಿಂದಾಗಿ ಅಲ್ಲಿ ನೆರವಾಗೋಕೆ ಸಾಧ್ಯವೇ ಇಲ್ಲದಿದ್ರೆ ಅದಕ್ಕೆ ವಿನಾಯಿತಿ ಇದೆ. ಆದ್ರೆ ಠಾಣೆಗೆ ತಿಳಿಸೋ ಹೊಣೆ ತಪ್ಪಲ್ಲ. ದಾರೀಲಿ ಹೋಗೋರು ಸದುದ್ದೇಶದಿಂದ ಗಾಯಾಳುವಿಗೆ ನೆರವಾದ್ರೆ ಅವರಿಗೂ 2019ರ ತಿದ್ದುಪಡಿಯಲ್ಲಿ ಸೇರಿಸಿದ 134ಎ ಸೆಕ್ಷನ್ ರಕ್ಷಣೆ ಕೊಡುತ್ತೆ. ಇಷ್ಟು ಗೊತ್ತಿದ್ರೆ ಗಾಬರೀಲಿ ಗಾಡಿ ಬಿಟ್ಕೊಂಡು ಓಡಿಹೋಗೋರು ಕಡಿಮೆ ಆಗ್ತಾರೆ ಅಂತ ನಾನು ನಂಬ್ತೀನಿ.

ನಿಮ್ಮ ಮನೇಲಿ ತಮ್ಮನೋ ಮಗಳೋ ಎಲ್‌ಎಲ್‌ಗೆ ಓದ್ತಿದ್ರೆ ಇವತ್ತು ಊಟಕ್ಕೆ ಕೂತಾಗ ಕೇಳಿ: "ಯಾರಿಗೋ ಗುದ್ದಿಬಿಟ್ಟೆ ಅಂತಿಟ್ಕೋ, ಮೊದಲು ಏನ್ ಮಾಡ್ತೀಯ?" ಉತ್ತರ ಬರದೇ ಇದ್ರೆ ಬೈಬೇಡಿ, ಜೊತೆಗೆ ಕೂತು ಆ ಭಾಗ ಓದಿ.