ಮುಖಕ್ಕೊಂದು ಮೋಡ: ಸಾಫ್ಟ್‌ಬಾಕ್ಸ್ ಕೊಳ್ಳುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಬಳ್ಳಾರಿಯವರಿಗೆ ಕುಂಬಾರ ಗುಡ್ಡದ ಬಗ್ಗೆ ಹೇಳಬೇಕಿಲ್ಲ. ಒಂದು ದಿಕ್ಕಿನಿಂದ ನೋಡಿದರೆ ಅದು ಮನುಷ್ಯನ ಮುಖದ ಹಾಗೆ ಕಾಣುತ್ತದೆ. ಫೇಸ್ ಹಿಲ್ ಎಂದೂ ಅದನ್ನು ಕರೆಯುತ್ತಾರೆ. ಬಿಸಿಲಿರುವ ದಿನ ಆ ಗುಡ್ಡ ನೋಡಿ. ಒಂದೊಂದು ಬಂಡೆಯ ನೆರಳೂ ಚಾಕುವಿನಿಂದ ಕೊಯ್ದ ಹಾಗೆ ಇರುತ್ತದೆ. ಮೋಡ ಕವಿದ ದಿನ ನೋಡಿ. ಬೆಳಕು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯೋಕೆ ಆಗುವುದಿಲ್ಲ. ಕಲ್ಲು ಅದೇ, ಗುಡ್ಡ ಅದೇ. ಬೇರೆಯಾದದ್ದು ಬೆಳಕಿನ ಗಾತ್ರ.

ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಅವನಿರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಹಾಗಾಗಿ ನಮಗೆ ಕಾಣುವುದು ಹುಣ್ಣಿಮೆ ಚಂದ್ರನಷ್ಟೇ. ಅಷ್ಟು ಸಣ್ಣ ಕಿಂಡಿಯಿಂದ ಬಂದ ಬೆಳಕು ಗಟ್ಟಿ ನೆರಳನ್ನೇ ಬೀಳಿಸುತ್ತದೆ. ಮೋಡ ಬಂದರೆ ಇಡೀ ಆಕಾಶವೇ ದೀಪವಾಗುತ್ತದೆ. ಆಗ ಬೆಳಕು ಎಲ್ಲ ಕಡೆಯಿಂದ ಬಂದು ನೆರಳಿನ ಅಂಚನ್ನು ತುಂಬುತ್ತದೆ. ಸಾಫ್ಟ್‌ಬಾಕ್ಸ್ ಅಂದರೆ ಇದೇ. ಕಪ್ಪು ಬಟ್ಟೆಯ ಪೆಟ್ಟಿಗೆ, ಮುಂದೆ ಬಿಳಿ ಪರದೆ, ಒಳಗೊಂದು ದೀಪ. ಕೋಣೆಯೊಳಗೆ ತಂದಿಟ್ಟುಕೊಂಡ ಮೋಡ.

ಬಳ್ಳಾರಿಯಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡು ನಾನು ಮುಖಗಳ ಫೋಟೋ ತೆಗೆಯುತ್ತೇನೆ. ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗರು ಬಂದು ಮೊದಲು ಕೇಳುವ ಮಾತು, 'ಅಣ್ಣ, ಯಾವ ಸಾಫ್ಟ್‌ಬಾಕ್ಸ್ ತಗೊಳ್ಳಲಿ?' ನಾನು ತಿರುಗಿ ಕೇಳುತ್ತೇನೆ: ನಿನ್ನ ಕೋಣೆ ಎಷ್ಟುದ್ದ, ಎಷ್ಟೆತ್ತರ? ಯಾರ ಫೋಟೋ ತೆಗೀತೀಯ? ಒಬ್ಬರದೋ, ಮನೆಮಂದಿಯದೋ?

ಹೀಗೆ ಕೇಳುವುದನ್ನು ನಾನು ಕಲಿತದ್ದು ಒಬ್ಬ ಅಜ್ಜಿಯಿಂದ. ನನ್ನ ಮೊದಲ ಸಾಫ್ಟ್‌ಬಾಕ್ಸ್ 2 ಅಡಿಗೆ 2 ಅಡಿಯದು. ಅದನ್ನು ಅಜ್ಜಿಯಿಂದ 8 ಅಡಿ ದೂರದಲ್ಲಿ ನಿಲ್ಲಿಸಿದ್ದೆ. ಸಾಫ್ಟ್‌ಬಾಕ್ಸ್ ಹಾಕಿದ್ದೇನಲ್ಲ, ಬೆಳಕು ಮೆತ್ತಗಾಯಿತು ಅಂದುಕೊಂಡಿದ್ದೆ. ಫೋಟೋ ನೋಡಿ ಅಜ್ಜಿ ಹೇಳಿದರು: 'ಏನಪ್ಪಾ, ನನ್ನ ಮುಖಾನ ಗುಡ್ಡದ ಕಲ್ಲಿನಂಗ ಮಾಡೀಯಲ್ಲ.' ನಿಜವಾಗಿತ್ತು. ಒಂದೊಂದು ಸುಕ್ಕೂ ಕಪ್ಪು ಗೀರಾಗಿತ್ತು. ಅಷ್ಟು ದೂರದಿಂದ ಆ ಪೆಟ್ಟಿಗೆ ಅವರ ಮುಖಕ್ಕೆ ಒಂದು ಸಣ್ಣ ಚೌಕವಾಗಿ ಮಾತ್ರ ಕಾಣುತ್ತಿತ್ತು. ಅದನ್ನೇ 3 ಅಡಿಗೆ ತಂದು, ಕಣ್ಣಿಗಿಂತ ಸ್ವಲ್ಪ ಮೇಲೆ, ಓರೆಯಾಗಿ ನಿಲ್ಲಿಸಿ ಮತ್ತೆ ತೆಗೆದೆ. ಸುಕ್ಕು ಎಲ್ಲೂ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಆದರೆ ಈ ಸಲ ಅವರು ಅವರ ಹಾಗೇ ಕಂಡರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರದು ಅಂತ ಇರುವುದು ಒಂದೇ ಒಂದು ಒಳ್ಳೆಯ ಫೋಟೋ. ಆಮೇಲೆ ಗೋಡೆಯ ಮೇಲೆ ವರ್ಷಾನುಗಟ್ಟಲೆ ಇರುವುದೂ ಅದೇ. ಅದಕ್ಕೇ ಈ ವಿಷಯದಲ್ಲಿ ನನಗೆ ಇಷ್ಟು ಕಾಳಜಿ.

ಪೆಟ್ಟಿಗೆ ದೊಡ್ಡದೋ ಚಿಕ್ಕದೋ ಅನ್ನುವುದನ್ನು ಮುಖದ ಜಾಗದಲ್ಲಿ ಕೂತು ನೋಡಬೇಕು. 60 ಸೆಂಟಿಮೀಟರಿನ ಪೆಟ್ಟಿಗೆ 60 ಸೆಂಟಿಮೀಟರ್ ದೂರದಲ್ಲಿದ್ದರೆ ಒಂದೇ. 120ರದು 120 ದೂರದಲ್ಲಿದ್ದರೂ ಒಂದೇ. ನೆರಳಿನ ಅಂಚು ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ತರಹ ಬರುತ್ತದೆ. ಕೆಲಸಕ್ಕೆ ಬರುವ ಒಂದು ಲೆಕ್ಕ ಇದೆ. ಪೆಟ್ಟಿಗೆಯ ಮೂಲೆಯಿಂದ ಎದುರು ಮೂಲೆಗೆ ಎಷ್ಟಿದೆಯೋ ಅಷ್ಟೇ ದೂರದಲ್ಲಿ ಮುಖ ಇರಲಿ. 60ಕ್ಕೆ 90 ಸೆಂಟಿಮೀಟರಿನ ಪೆಟ್ಟಿಗೆಯಾದರೆ ಅದು ಸುಮಾರು ಮೂರೂವರೆ ಅಡಿ. ಅಲ್ಲಿಂದ ಶುರು ಮಾಡಿ, ಆಮೇಲೆ ಕಣ್ಣು ಹೇಳಿದ ಹಾಗೆ ಹಿಂದೆ ಮುಂದೆ ಸರಿಸಿ.

ಹತ್ತಿರ ತಂದಾಗ ಇನ್ನೊಂದು ಬದಲಾವಣೆಯೂ ಆಗುತ್ತದೆ. ದೂರ ಎರಡರಷ್ಟಾದರೆ ಬೆಳಕು ಅರ್ಧವಲ್ಲ, ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ದೀಪದಿಂದ ಮುಖ 3 ಅಡಿ, ಹಿಂದಿನ ಗೋಡೆ 6 ಅಡಿ ಅನ್ನಿ. ಗೋಡೆಗೆ ಬೀಳುವುದು ಮುಖದ ಬೆಳಕಿನ ಕಾಲು ಭಾಗ. ಗೋಡೆ ತಾನಾಗಿಯೇ ಕಪ್ಪಾಗುತ್ತದೆ. ಅದೇ ದೀಪವನ್ನು ಮುಖದಿಂದ 9 ಅಡಿ ಹಿಂದಕ್ಕೆ ತೆಗೆದರೆ ಗೋಡೆ 12 ಅಡಿಯಲ್ಲಿರುತ್ತದೆ. ಆಗ ಗೋಡೆಗೆ ಅರ್ಧಕ್ಕಿಂತ ಜಾಸ್ತಿ ಬೆಳಕು ಸಿಗುತ್ತದೆ. ಹಿನ್ನೆಲೆಯ ಬಣ್ಣ ಬದಲಿಸಲು ಹೊಸ ಪರದೆ ಕೊಳ್ಳುವ ಮೊದಲು ಸ್ಟ್ಯಾಂಡ್ ಸರಿಸಿ ನೋಡಿ. ಆದರೆ ಐದಾರು ಜನ ಸಾಲಾಗಿ ನಿಂತಾಗ ಇದೇ ಗುಣ ತೊಂದರೆ ಕೊಡುತ್ತದೆ. ಹತ್ತಿರದವರು ಬೆಳ್ಳಗೆ, ಆ ತುದಿಯವರು ಕತ್ತಲಲ್ಲಿ. ಮನೆಮಂದಿಯ ಫೋಟೋಗೆ ಪೆಟ್ಟಿಗೆಯೂ ದೊಡ್ಡದು ಬೇಕು, ದೂರವೂ ಬೇಕು.

ಹಾಗಾದರೆ ಇರುವುದರಲ್ಲಿ ದೊಡ್ಡದನ್ನೇ ಕೊಂಡರಾಯಿತು, ಅಲ್ವಾ? ಇಲ್ಲೇ ಕೋಣೆ ಅಡ್ಡ ಬರುತ್ತದೆ. 150 ಸೆಂಟಿಮೀಟರ್ ಅಂದರೆ 5 ಅಡಿ. ನಿಂತವರ ತಲೆಗಿಂತ ಸ್ವಲ್ಪ ಮೇಲೆ ಅದರ ನಡುಭಾಗ ಬರಬೇಕಾದರೆ ಮೇಲಂಚು ಸುಮಾರು ಒಂಬತ್ತು ಅಡಿಗೆ ಹೋಗುತ್ತದೆ. ಅಲ್ಲಿ ಸೀಲಿಂಗ್ ಫ್ಯಾನ್ ಇದೆ. ನಮ್ಮ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಯಾರನ್ನೂ ಕೂರಿಸಲಾಗುವುದಿಲ್ಲ. ಬೆವರಿದ ಹಣೆ ಮಿಂಚುತ್ತದೆ, ಮುಖ ಬಾಡುತ್ತದೆ. ಸಾಧಾರಣ ಕೋಣೆಗೆ, ಒಬ್ಬಿಬ್ಬರ ಫೋಟೋಗೆ, ನನ್ನ ಮಟ್ಟಿಗೆ 90ರಿಂದ 120 ಸೆಂಟಿಮೀಟರಿನದು ಸಾಕು. ಒಂದೇ ಕೊಳ್ಳುವುದಾದರೆ ಎಂಟು ಮೂಲೆಯ ಆಕ್ಟಾ ಕೊಳ್ಳಿ ಅನ್ನುತ್ತೇನೆ.

ಆಕ್ಟಾ ಏಕೆ ಅಂದರೆ ಕಣ್ಣಿಗಾಗಿ. ಫೋಟೋದಲ್ಲಿ ಕಣ್ಣೊಳಗೆ ಬೆಳಕಿನ ಒಂದು ಚುಕ್ಕಿ ಇರುತ್ತದೆ. ಅದಿಲ್ಲದಿದ್ದರೆ ಕಣ್ಣಿಗೆ ಜೀವವೇ ಇರುವುದಿಲ್ಲ. ಆಕ್ಟಾ ಇಟ್ಟರೆ ಚುಕ್ಕಿ ಹೆಚ್ಚು ಕಡಿಮೆ ದುಂಡಗೆ ಬಂದು ಕಣ್ಣುಗುಡ್ಡೆಗೆ ಹೊಂದುತ್ತದೆ. ಉದ್ದನೆಯ ಪೆಟ್ಟಿಗೆಯಾದರೆ ಕಿಟಕಿಯ ಹಾಗೆ ಬರುತ್ತದೆ. ಅದೂ ಚೆಂದವೇ, ಹಳೆಯ ಮನೆಯ ಜಗುಲಿಯಲ್ಲಿ ಕೂತ ಹಾಗಿರುತ್ತದೆ. ಪಟ್ಟಿಯಂತಿರುವ ಸ್ಟ್ರಿಪ್ ಬಾಕ್ಸ್ ಹಿಂದಿನಿಂದ ಕೂದಲು, ಭುಜದ ಅಂಚು ಬೆಳಗಿಸಲು ಒಳ್ಳೆಯದು. ಅದು ಎರಡನೆಯ ಖರೀದಿ, ಮೊದಲನೆಯದಲ್ಲ.

ಇನ್ನು ನಮ್ಮ ಮುಖಗಳು. ಬಿಸಿಲಲ್ಲಿ ದುಡಿದ ಕಪ್ಪು ಮೈಬಣ್ಣದ ಮೇಲೆ ಸಣ್ಣ ದೀಪ ಎಣ್ಣೆಹನಿಯಂಥ ಹೊಳಪನ್ನು ಬೀಳಿಸುತ್ತದೆ. ದೊಡ್ಡ ಪರದೆಯಾದರೆ ಅದೇ ಹೊಳಪು ಅಗಲವಾಗಿ ಹರಡಿ ಕೆನ್ನೆಯ ಆಕಾರ ತೋರಿಸುತ್ತದೆ. ಕಪ್ಪಗಿದ್ದಾರೆ ಅಂತ ಬೆಳಕು ಸುರಿದು ಬೆಳ್ಳಗೆ ಮಾಡುವುದು ತಪ್ಪು. ಅವರ ಬಣ್ಣ ಅವರದು. ಹಿರಿಯರು ಬಿಳಿ ಪಟಗ ಸುತ್ತಿ, ಬಿಳಿ ಅಂಗಿ ತೊಟ್ಟು ಬರುತ್ತಾರೆ. ದೀಪ ತೀರಾ ಮೇಲಿದ್ದರೆ ಪಟಗದ ನೆರಳು ಕಣ್ಣಿನ ಮೇಲೇ ಬೀಳುತ್ತದೆ. ಪೆಟ್ಟಿಗೆಯನ್ನು ಕಣ್ಣಿನ ಮಟ್ಟದ ಹತ್ತಿರಕ್ಕೆ ಇಳಿಸಿ. ಪಟಗದ ಮಡಿಕೆಗಳು ಅಳಿಸದ ಹಾಗೆ ಕ್ಯಾಮೆರಾ ಹೊಂದಿಸಿ. ಆಮೇಲೆ ಎದೆಯ ಕೆಳಗೊಂದು ಬಿಳಿ ಥರ್ಮಾಕೋಲ್ ಹಾಳೆ ಹಿಡಿದು ಮುಖಕ್ಕೆ ಬೆಳಕು ಎತ್ತಿ ಕೊಡಿ. ಅಂಗಡಿಯಲ್ಲಿ ಸಿಗುವ ಆ ಹಾಳೆಯಷ್ಟು ಕೆಲಸಕ್ಕೆ ಬರುವ ಸಾಮಾನು ನನ್ನ ಸ್ಟುಡಿಯೋದಲ್ಲಿ ಇನ್ನೊಂದಿಲ್ಲ.

ಕೊಳ್ಳುವಾಗ ಪರದೆ ಎರಡಿದೆಯಾ ನೋಡಿ, ಹೊರಗೊಂದು, ಒಳಗೊಂದು. ಒಳಗಿನದು ನಡುವಿನ ಉರಿಯನ್ನು ಹರಡುತ್ತದೆ. ದೀಪ ಹಚ್ಚಿಸಿ, ಮೊಬೈಲಿನ ಕ್ಯಾಮೆರಾದಲ್ಲಿ ಫೋಟೋದ ಬ್ರೈಟ್‌ನೆಸ್ ಇಳಿಸಿ ಪೆಟ್ಟಿಗೆಯ ಪರದೆಯ ಫೋಟೋ ತೆಗೆಯಿರಿ. ನಡುವೆ ಬಿಳಿ ಗುಂಡು, ಮೂಲೆಗಳು ಕತ್ತಲೆ ಇದ್ದರೆ ನೀವು ಕೊಟ್ಟ ದುಡ್ಡಿನ ಅಗಲ ನಿಮಗೆ ಸಿಗುತ್ತಿಲ್ಲ. ನಿಮ್ಮ ದೀಪದ ಮೌಂಟ್, ಅಂದರೆ ಪೆಟ್ಟಿಗೆಯನ್ನು ದೀಪಕ್ಕೆ ಸಿಕ್ಕಿಸುವ ಬಳೆ, ಯಾವುದು ಅಂತ ಮೊದಲೇ ತಿಳಿದುಕೊಳ್ಳಿ. ಎಷ್ಟೋ ಸ್ಟುಡಿಯೋ ದೀಪಗಳಿಗೆ ಬೋವೆನ್ಸ್ ಮೌಂಟ್ ಇರುತ್ತದೆ. ಕ್ಯಾಮೆರಾ ಮೇಲಿಡುವ ಸಣ್ಣ ಫ್ಲಾಶ್‌ಗೆ ಬೇರೆ ಹಿಡಿಕೆ ಬೇಕು. ಹಳ್ಳಿಗಳಿಗೆ ಹೋಗಿ ಫೋಟೋ ತೆಗೆಯುವವರು ಛತ್ರಿಯಂತೆ ಬಿಚ್ಚಿ ಮಡಚುವಂಥದ್ದೇ ತಗೊಳ್ಳಲಿ. ಒಂದೊಂದೇ ಕಡ್ಡಿ ಸಿಕ್ಕಿಸುತ್ತ ಕೂತರೆ ಕೂಸು ಅಳಲು ಶುರು ಮಾಡಿರುತ್ತದೆ.

ಸ್ಟುಡಿಯೋ ಗೋಡೆಗೆ ಹಸಿರೋ ಗುಲಾಬಿಯೋ ಬಣ್ಣ ಇದ್ದರೆ ಅದು ಕೆನ್ನೆಯ ಮೇಲೂ ಬರುತ್ತದೆ. ಪೆಟ್ಟಿಗೆಯ ಮುಂದೆ ಹಾಕುವ ಬಟ್ಟೆಯ ಜಾಲರಿ, ಗ್ರಿಡ್ ಅನ್ನುತ್ತಾರಲ್ಲ, ಅದು ಬೆಳಕು ಗೋಡೆಗೆ ಚೆಲ್ಲದಂತೆ ತಡೆಯುತ್ತದೆ. ಮತ್ತೆ ದಯವಿಟ್ಟು ಒಂದು ಎಚ್ಚರಿಕೆ. ಹಳೆಯ 1000 ವ್ಯಾಟಿನ ಹ್ಯಾಲೊಜನ್ ದೀಪವನ್ನು ಸಾಮಾನ್ಯ ಬಟ್ಟೆಯ ಪೆಟ್ಟಿಗೆಯೊಳಗೆ ಇಡಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಇಡಿ. ಫ್ಯಾನ್ ಗಾಳಿಗೇ ದೊಡ್ಡ ಪೆಟ್ಟಿಗೆ ವಾಲುತ್ತದೆ.

ದುಡ್ಡು ಹಾಕುವ ಮೊದಲು ಮನೆಯಲ್ಲೇ ಒಂದು ಸಲ ನೋಡಿ. ಬಿಸಿಲು ಬೀಳುವ ಬಾಗಿಲಿಗೆ ಬಿಳಿ ಪಂಚೆ ಕಟ್ಟಿ. ಕೋಣೆಯ ಬೇರೆ ದೀಪಗಳನ್ನು ಆರಿಸಿ. ಮನೆಯವರನ್ನು ಯಾರನ್ನಾದರೂ 3 ಅಡಿ ದೂರದಲ್ಲಿ ಓರೆಯಾಗಿ ಕೂರಿಸಿ, ಮೂಗಿನ ನೆರಳು ನೋಡಿ. ಆಮೇಲೆ ಪಂಚೆಯ ಅರ್ಧಕ್ಕೆ ಕಂಬಳಿ ಇಳಿಬಿಟ್ಟು ಮತ್ತೆ ನೋಡಿ. ಇನ್ನಷ್ಟು ಮುಚ್ಚಿ ನೋಡಿ. ಯಾವ ನೆರಳು ನಿಮಗೆ ಇಷ್ಟವಾಯಿತೋ ಅಲ್ಲಿಗೆ ನಿಲ್ಲಿಸಿ, ಬೆಳಕು ಬರುತ್ತಿರುವಷ್ಟು ಬಟ್ಟೆಯನ್ನು ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆದಿಡಿ. ಅಂಗಡಿಗೆ ಹೋಗುವಾಗ ಆ ಚೀಟಿ ಜೇಬಿನಲ್ಲಿರಲಿ. ನಮಸ್ಕಾರ.