ಒಳಕಲ್ಲು ಬಿಟ್ಟು ಬಂದ ದಿನ: ಹಳೇ ಮನೆ ಮಾರುವವರ ಜೊತೆ ಒಂದಿಷ್ಟು ಮಾತು

(ದೃಶ್ಯ: ಕೊಪ್ಪಳ, ಕೋಟೆ ಗುಡ್ಡದ ಕೆಳಗಿನ ಓಣಿ. ಮಣ್ಣಿನ ಮಾಳಿಗೆ ಮನೆ. ಮುಂದೆ ಕಲ್ಲಿನ ಕಟ್ಟೆ.)

ನಮಸ್ಕಾರ. ಈ ಮನೆ ಈಗ ನಮ್ಮದಲ್ಲ. ಹೋದ ವರ್ಷ ಮಾರಿದೆವು.

ಅಪ್ಪ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅವ್ವ ಒಬ್ಬಳೇ ಇದ್ದಳು. ಮೊಣಕಾಲು ನೋವು ಬೇರೆ. ಮಾಳಿಗೆಗೆ ಪ್ರತಿ ಮಳೆಗಾಲದ ಮುಂಚೆ ಮಣ್ಣು ಹಾಕಿಸಬೇಕು, ಇಲ್ಲಾಂದ್ರೆ ಸೋರುತ್ತದೆ. ಆ ಕೆಲಸ ಬಲ್ಲ ಆಳುಗಳು ಈಗ ಸಿಗುವುದೇ ಕಷ್ಟ. ಅದಕ್ಕೇ ಪಕ್ಕದ ಭಾಗ್ಯನಗರದಲ್ಲಿ ಎರಡು ಕೋಣೆಯ ಮನೆ ತೆಗೆದುಕೊಂಡೆವು. ಲೆಕ್ಕ ಎಲ್ಲಾ ಸರಿ ಇತ್ತು. ಆದರೂ ರಿಜಿಸ್ಟ್ರೇಷನ್ ಆದ ರಾತ್ರಿ ನನಗೆ ತುತ್ತು ಇಳಿಯಲಿಲ್ಲ.

ನಿಮ್ಮ ಮನೆಯಲ್ಲೂ ಈ ಮಾತು ಶುರುವಾಗಿದ್ದರೆ, ಈ ವಿಡಿಯೋ ನಿಮಗಾಗಿ.

ಜನ ಸುಮ್ನೆ ಹೇಳಿಬಿಡುತ್ತಾರೆ, "ಕಲ್ಲು ಮಣ್ಣಿಗೆ ಯಾಕೆ ಅಳ್ತೀರಿ" ಅಂತ. ನಾವು ಅಳುವುದು ಕಲ್ಲು ಮಣ್ಣಿಗಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ವೆಸ್ಟ್ ಎಂಡ್ ಎಂಬ ಹಳೇ ಬಡಾವಣೆ ಇತ್ತು. 1950ರ ದಶಕದ ಕೊನೆಗೆ ಅದನ್ನು ಕೆಡವಿದರು. ಅಲ್ಲಿಂದ ಎದ್ದವರನ್ನು ಮಾರ್ಕ್ ಫ್ರೀಡ್ ಎಂಬ ಮನಶ್ಶಾಸ್ತ್ರಜ್ಞ ಮಾತಾಡಿಸಿ, 1963ರಲ್ಲಿ ಬರೆದರು. ಎರಡು ವರ್ಷ ಕಳೆದ ಮೇಲೂ ಹೆಚ್ಚುಕಡಿಮೆ ನಾಲ್ವರು ಹೆಂಗಸರಲ್ಲಿ ಒಬ್ಬರಿಗೆ ಆ ದುಃಖ ಹೋಗಿರಲಿಲ್ಲ. ಸತ್ತವರಿಗಾಗಿ ಪಡುವ ದುಃಖದ ಹಾಗೇ ಇದು ಅಂದರು ಫ್ರೀಡ್. ಅಲ್ಲಿಂದ ಎದ್ದವರಿಗೆ ಗೋಡೆಗಿಂತ ಜಾಸ್ತಿ ನೆನಪಾಗುತ್ತಿದ್ದದ್ದು ಓಣಿ, ಪಕ್ಕದ ಮನೆಯವರು.

ನಮ್ಮ ಭಾಗಕ್ಕೆ ಇದನ್ನು ಬಾಸ್ಟನ್ ಹೇಳಬೇಕಾಗಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಾಗ ಹತ್ತಾರು ಹಳ್ಳಿ ಮುಳುಗಿದವು. "ನಮ್ಮದು ಮುಳುಗಡೆ ಊರು" ಅನ್ನುವ ಮೊಮ್ಮಕ್ಕಳು ಇವತ್ತಿಗೂ ಇದ್ದಾರೆ. ಆ ಊರನ್ನು ಅವರು ಕಣ್ಣಿಂದ ಕಂಡೇ ಇಲ್ಲ.

(ದೃಶ್ಯ: ಖಾಲಿ ಪಡಸಾಲೆ. ದೀಪದ ಗೂಡಿನ ಸುತ್ತ ಹಿಡಿದ ಮಸಿ.)

ಇನ್ನು ಬೆಲೆಯ ವಿಷಯ. ನೋಡಲು ಬಂದವರೊಬ್ಬರು ಅವ್ವನ ಎದುರಿಗೇ ಅಂದರು, "ಗೋಡೆಗೆ ಬೆಲೆ ಇಲ್ಲ, ಜಾಗಕ್ಕಷ್ಟೇ ರೊಕ್ಕ." ಅವ್ವ ಎದ್ದು ಒಳಗೆ ಹೋದಳು. ಅವರು ಹೇಳಿದ್ದು ಸುಳ್ಳಲ್ಲ, ಮಾರ್ಕೆಟ್ ಹಾಗೇ ಇದೆ. ಆದರೆ ನಮ್ಮದು ಅನ್ನಿಸಿದ ವಸ್ತುವಿಗೆ ನಾವು ಜಾಸ್ತಿ ಬೆಲೆ ಕಟ್ಟುತ್ತೇವೆ. 1990ರಲ್ಲಿ ಕಾನೆಮನ್, ನೆಟ್ಷ್, ಥೇಲರ್ ಎಂಬ ಮೂವರು ಸಂಶೋಧಕರು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು ನೋಡಿದರು. ಮಗ್ ಕೈಗೆ ಬಂದವರು, ಕೊಳ್ಳುವವರು ಹೇಳಿದ್ದರ ಎರಡು ಪಟ್ಟು ಕೇಳಿದರು. ಆಗಷ್ಟೇ ಕೊಟ್ಟ ಮಗ್ ಅದು! ಐವತ್ತು ವರ್ಷ ದೀಪ ಹಚ್ಚಿದ ಮನೆಗೆ ಎಷ್ಟು ಕೇಳಬೇಕು ಹೇಳಿ?

ಹಾಗಾಗಿ ಬೆಲೆ ಮಾತಾಡುವಾಗ ತಂದೆತಾಯಿಯನ್ನು ಎದುರಿಗೆ ಕೂರಿಸಬೇಡಿ. ನಾವು ಆಮೇಲೆ ಸೋದರಮಾವನನ್ನು ಕರೆಸಿದೆವು. ಅವರ ಮಾತು ತಡವರಿಸಲಿಲ್ಲ, ಕಣ್ಣೂ ಒದ್ದೆಯಾಗಲಿಲ್ಲ.

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಮನೆ ಖಾಲಿ ಮಾಡುವ ಅವಸರದಲ್ಲಿ ಅಪ್ಪನ ಮಂಚವನ್ನು ಗುಜರಿಯವರಿಗೆ ಕೊಟ್ಟುಬಿಟ್ಟೆ. ಹೊಸ ಮನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ, ನಿಜ. ಆದರೆ ನಾನು ಕೇಳಲೇ ಇಲ್ಲ. ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಇಷ್ಟೇ ಅಂದಳು, "ಒಂದು ಸಲ ಕೂತು ಏಳ್ತಿದ್ದೆ." ಇವತ್ತಿಗೂ ಆ ಮಾತು ಎದೆಯಲ್ಲಿ ಕೂತಿದೆ. ಇದೊಂದನ್ನು ದಯವಿಟ್ಟು ನೆನಪಿಡಿ: ಬಿಟ್ಟು ಹೋಗುವ ವಸ್ತುವಿನ ಹತ್ತಿರ ಅವರನ್ನು ಕರೆದುಕೊಂಡು ಹೋಗಿ. ಕೈಯಲ್ಲಿ ಮುಟ್ಟಲಿ, ಕಥೆ ಹೇಳಲಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಕೊಡಿ.

ಅಕ್ಕತಂಗಿಯರ ವಿಷಯವೂ ಇದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಮಾರಲು ಅವರ ಒಪ್ಪಿಗೆ, ಸಹಿ ಬೇಕು. ಆದರೆ ಬರೀ ಸಹಿಗೆ ಕರೆಯುವುದು ತುಂಬಾ ಕೆಟ್ಟದ್ದು. ಅದು ಅವರ ತವರು, ಅಲ್ವಾ? ನಾವು ಒಂದು ವಾರ ಮುಂಚೆಯೇ ಕರೆಸಿದೆವು. ಗವಿಮಠದ ಜಾತ್ರೆಗೆ ಬೀಗರು ಬಂದಾಗ ಮಲಗುತ್ತಿದ್ದ ಹಾಗೇ ಎಲ್ಲರೂ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡೆವು. ಅಕ್ಕ ಅಳುತ್ತಾ ನಗುತ್ತಾ ಬೆಳಗಿನ ಜಾವದವರೆಗೂ ಮಾತಾಡಿದಳು.

ಹೊಸ ಮನೆಗೆ ಹೋದ ಮೇಲೆ ಹಿರಿಯರು ಸ್ವಲ್ಪ ದಿನ ಮಂಕಾಗುವುದು ಸಹಜ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟರೆ ಮಾತ್ರ ತಡಮಾಡಬೇಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

(ದೃಶ್ಯ: ಅಡುಗೆಮನೆ ಮೂಲೆ. ನೆಲದಲ್ಲಿ ಹೂತ ಒಳಕಲ್ಲು. ಅಂಚಿನಲ್ಲಿ ಅರಿಷಿಣ, ಕುಂಕುಮ.)

ಇದು ನಮ್ಮ ಒಳಕಲ್ಲು. ನಮ್ಮ ಕಡೆ ಮದುವೆಗೆ ಮುಂಚೆ ಇದಕ್ಕೆ ಪೂಜೆ ಮಾಡಿ ಅರಿಷಿಣ ಕುಟ್ಟುತ್ತಾರೆ. ಅಕ್ಕನದೂ ತಂಗಿಯದೂ ಇಲ್ಲೇ ಆಯಿತು. ಕುಟ್ಟಿ ಕುಟ್ಟಿ ಒಳಗೆ ಕನ್ನಡಿ ಹಾಗೆ ನುಣುಪಾಗಿದೆ. ಕೀಳಿಸಿಕೊಂಡು ಹೋಗೋಣ ಅಂತ ನಾನು ಅಂದೆ. ಕೊಂಡವರೂ ಒಪ್ಪಿದ್ದರು. ಅವ್ವ ಬೇಡ ಅಂದಳು. ಕೊನೆಯ ದಿನ ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಎರಡು ಕಾಳು ಜೋಳ ಹಾಕಿ ಬಂದಳು.

ಕೊಂಡವರು ಸದ್ಯಕ್ಕೆ ಅದೇ ಮನೆಯಲ್ಲಿದ್ದಾರೆ. ಅವ್ವ ಈಗಲೂ ಸೋಮವಾರ ಆಟೋದಲ್ಲಿ ಹಳೇ ಓಣಿಗೆ ಹೋಗಿ ಎದುರುಮನೆಯ ಕಟ್ಟೆ ಮೇಲೆ ಕೂತು ಬರುತ್ತಾಳೆ. ಮೊದಮೊದಲು ನಾನು ತಡೆದೆ, ಈಗ ನಾನೇ ಆಟೋ ಕರೆಯುತ್ತೇನೆ. ಹೋದ ವಾರ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು:

"ಆ ಮನಿ ಸೊಸಿ ಖಾರ ಕುಟ್ಟಾಕತ್ತಿದ್ಲು. ಸಪ್ಪಳ ಹೊರಗ ಕೇಳತಿತ್ತು."